ಆಫ್ ಮಾಡಿದಾಗ ಮಾತ್ರ

“ಏನೋ ಇದು, ನಿನ್ನ ಡಬ್ಬಿ ಮತ್ತೆ ಹುಚ್ಚು ಹಿಡಿದ ಹಾಗೆ ಆಡ್ತಿದೆ ನೋಡು ಬಾ” ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು. ಹೋಗಿ ನೋಡಿದೆ. ‘ಟ್ಯಾಂಕ್ ಫುಲ್, ಪಂಪ್ ಆಫ್’ ಎಂದು ಇರಬೇಕಾದ ಪರದೆಯಲ್ಲಿ ಯಾವ ಭಾಷೆಗೂ ಸೇರದ ಅಕ್ಷರಗಳು. ಒಂದೆರಡು ಕಪ್ಪು ಚೌಕ, ಒಂದು ಬಾಣ, ಮಧ್ಯದಲ್ಲಿ ಜಪಾನಿ ಲಿಪಿಯಂಥದ್ದು ಏನೋ. ಆ ವಾರದಲ್ಲಿ ಅದು ಆರನೇ ಸಲ.

ನಮ್ಮದು ತಿಪಟೂರಿನಲ್ಲಿ ಎರಡು ಮಹಡಿಯ ಮನೆ. ಕೆಳಗೆ ಸಂಪು, ತಾರಸಿಯ ಮೇಲೆ ಸಾವಿರ ಲೀಟರಿನ ಟ್ಯಾಂಕು, ನಡುವೆ 1 ಎಚ್‌ಪಿ ಸಿಂಗಲ್ ಫೇಸ್ ಪಂಪು. ಅಮ್ಮ ಪಂಪ್ ಹಾಕಿ ಮರೆಯುತ್ತಿದ್ದಳು. ನೀರು ತಾರಸಿಯಿಂದ ಪಕ್ಕದ ಮನೆಯವರ ಒಣಹಾಕಿದ ಕೊಬ್ಬರಿಯ ಮೇಲೆ ಬೀಳುತ್ತಿತ್ತು. ಅವರು ಪಾಪ ಒಳ್ಳೆಯವರು, ಒಂದೆರಡು ಸಲ ಸುಮ್ಮನಿದ್ದರು. ಮೂರನೇ ಸಲ ಸುಮ್ಮನಿರಲಿಲ್ಲ. ಹಾಗಾಗಿ ನಾನೇ ಒಂದು ಕಂಟ್ರೋಲರ್ ಮಾಡಿದೆ. ಡಾಟ್ ಬೋರ್ಡಿನ ಮೇಲೆ ಪ್ರೋಗ್ರಾಮು ಓಡಿಸುವ ಒಂದು ಎಟಿಮೆಗಾ 328 ಚಿಪ್, 16 ಮೆಗಾಹರ್ಟ್ಸ್ ಕ್ರಿಸ್ಟಲ್, 16 ಅಕ್ಷರ ಎರಡು ಸಾಲಿನ ಎಲ್‌ಸಿಡಿ, 5 ವೋಲ್ಟಿನ ಪುಟ್ಟ ಪವರ್ ಸಪ್ಲೈ, ಎರಡು ರಿಲೇ (ಕಾಯಿಲಿನ ಸೆಳೆತಕ್ಕೆ ಮುಚ್ಚಿ ತೆರೆಯುವ ಸ್ವಿಚ್ಚು) ಇರುವ ರೆಡಿಮೇಡ್ ಮಾಡ್ಯೂಲು. ಒಂದು ರಿಲೇ ಪಂಪಿಗೆ, ಇನ್ನೊಂದು ಸಂಜೆ ಹೊತ್ತಿಕೊಳ್ಳುವ ಗೇಟ್ ಲೈಟಿಗೆ. ಟ್ಯಾಂಕಿನಲ್ಲಿ ನೀರಿನ ಮಟ್ಟ ತಿಳಿಸುವ ಸ್ಟೀಲ್ ಕಡ್ಡಿಗಳು, ಅಲ್ಲಿಂದ ಕೆಳಗೆ ಸುಮಾರು 15 ಮೀಟರ್ ವೈರು. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಮಧ್ಯಾಹ್ನ ತಂದದ್ದು.

ಮೇಜಿನ ಮೇಲೆ ಚೆನ್ನಾಗಿ ಓಡಿತು. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬು ಸಿಕ್ಕಿಸಿ ಇನ್ನೂರು ಸಲ ಆನ್ ಆಫ್ ಮಾಡಿಸಿದ್ದೆ. ಒಂದು ಸಲವೂ ತಪ್ಪಲಿಲ್ಲ. ಈ ಬಲ್ಬೇ ನನ್ನನ್ನು ಎರಡು ವಾರ ದಾರಿ ತಪ್ಪಿಸಿತು ಅನ್ನುವುದು ಆಮೇಲೆ ಗೊತ್ತಾಯಿತು. ಬಲ್ಬಿನಲ್ಲಿ ಎಲ್ಲ ಸರಿ ಇದೆ ಅಂದಮೇಲೆ ಹಾರ್ಡ್‌ವೇರ್ ಸರಿ ಇದೆ, ತಪ್ಪು ಕೋಡಿನಲ್ಲೇ ಇರಬೇಕು ಎಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಕೋಡಿನ ಪ್ರತಿ ಸಾಲನ್ನೂ ಜಾಲಾಡಿದೆ. ಡಿಲೇ ಹೆಚ್ಚಿಸಿದೆ, ಕಡಿಮೆ ಮಾಡಿದೆ. ಸ್ಟ್ರಿಂಗ್‌ಗಳನ್ನೆಲ್ಲ ತೆಗೆದು ಕ್ಯಾರೆಕ್ಟರ್ ಅರೇ ಮಾಡಿದೆ. ಕೊನೆಗೆ ವಾಚ್‌ಡಾಗ್ ಹಾಕಿದೆ. ಪ್ರೋಗ್ರಾಮು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಎರಡು ಸೆಕೆಂಡಿನಲ್ಲಿ ಚಿಪ್ಪು ತಾನೇ ರೀಸೆಟ್ ಆಗುತ್ತದೆ. ಇದರಿಂದ ಆದದ್ದೇನೆಂದರೆ, ಕೆಲವು ಸಲ ರೋಗ ಕಾಣಿಸದ ಹಾಗಾಯಿತು. ಇದು ಗುಣವಾಗದೇ ಇರುವುದಕ್ಕಿಂತ ಕೆಟ್ಟದ್ದು. ವಾರಕ್ಕೆ ಆರು ಸಲ ಬರುತ್ತಿದ್ದದ್ದು ಮೂರು ಸಲ ಬಂತು. ನಾನು ಗೆದ್ದೆ ಅಂದುಕೊಂಡೆ.

ದಾರಿಗೆ ತಂದದ್ದು ಅಮ್ಮನ ಮಾತು. ಡಬ್ಬಿ ಇರುವುದು ಅಡುಗೆಮನೆಯ ಬಾಗಿಲ ಪಕ್ಕ. ದಿನವಿಡೀ ಅದನ್ನು ನೋಡುವವಳು ಅವಳೇ. “ಪಂಪ್ ಶುರುವಾಗೋವಾಗ ಅದು ಸರಿಯಾಗೇ ಇರುತ್ತೆ ಕಣೋ. ನಿಲ್ಲೋವಾಗಲೇ ಕೆಡೋದು” ಅಂದಳು. ನಾನು ಒಂದು ನಿಮಿಷ ಸುಮ್ಮನೆ ನಿಂತೆ. ಕೆಟ್ಟ ಸಲವೆಲ್ಲ ಟ್ಯಾಂಕ್ ತುಂಬಿದ ಮೇಲೇ ಕೆಟ್ಟಿತ್ತು. ಕೋಡಿನ ತಪ್ಪಾಗಿದ್ದರೆ ಆನ್ ಆಗುವಾಗಲೂ ಬರಬೇಕಿತ್ತು. ಪವರ್ ಸಪ್ಲೈ ಸಾಲದೆ ಹೀಗಾಗುತ್ತಿದ್ದರೆ ಆನ್ ಆಗುವಾಗಲೇ ಜಾಸ್ತಿ ಬರಬೇಕಿತ್ತು, ಏಕೆಂದರೆ ರಿಲೇ ಕಾಯಿಲು ಕರೆಂಟು ಎಳೆಯುವುದು ಆಗ. ಆಫ್ ಮಾಡಿದಾಗ ಮಾತ್ರ ಅಂದರೆ ಬೇರೇನೋ ಇದೆ.

ಅವತ್ತು ಭಾನುವಾರ. ಮನೆಯಲ್ಲಿದ್ದ ಕರೆಂಟಿನ ಸಾಮಾನನ್ನೆಲ್ಲ ಒಂದೊಂದಾಗಿ ಆ ರಿಲೇಗೆ ಸಿಕ್ಕಿಸಿ ನೋಡಿದೆ. ಒಂದೊಂದಕ್ಕೂ ಐವತ್ತು ಸಲ ಆನ್, ಐವತ್ತು ಸಲ ಆಫ್, ಹಳೇ ಡೈರಿಯಲ್ಲಿ ಬರೆದುಕೊಳ್ಳುವುದು. ಬಲ್ಬು: ಸೊನ್ನೆ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ: ಅದೂ ಸೊನ್ನೆ. ಇಲ್ಲಿ ಕಣ್ಣರಳಿತು. ಇಸ್ತ್ರಿ ಪೆಟ್ಟಿಗೆ ಎಳೆಯುವುದು 4 ಆಂಪಿಯರಿಗೂ ಜಾಸ್ತಿ. ಪಂಪಿನ ಕರೆಂಟಿಗೆ ಅದು ಹೆಚ್ಚುಕಡಿಮೆ ಹತ್ತಿರವೇ. ಅಂದರೆ ಕರೆಂಟು ಎಷ್ಟಿದೆ ಅನ್ನುವುದು ಪ್ರಶ್ನೆಯೇ ಅಲ್ಲ. ಆಮೇಲೆ ಟೇಬಲ್ ಫ್ಯಾನು, ಅರ್ಧ ಆಂಪಿಯರೂ ಎಳೆಯದ ಬಡಪಾಯಿ: ಐವತ್ತಕ್ಕೆ ನಾಲ್ಕು ಸಲ ಪರದೆ ಕೆಟ್ಟಿತು. ಅಮ್ಮನ ಮಿಕ್ಸಿ: ಹನ್ನೊಂದು ಸಲ, ಅದರಲ್ಲಿ ಎರಡು ಸಲ ಮಿಕ್ಸಿ ಓಡುತ್ತಿರುವಾಗಲೇ. “ಚಟ್ನಿ ಇಲ್ಲದೆ ಮಿಕ್ಸಿ ಓಡಿಸಿದ್ರೆ ಸುಟ್ಟೋಗುತ್ತೆ” ಎಂದು ಅವಳು ಬಂದು ಕಿತ್ತುಕೊಂಡು ಹೋದಳು.

ಬಲ್ಬು, ಇಸ್ತ್ರಿ ಪೆಟ್ಟಿಗೆ ಬರೀ ಬಿಸಿಯಾಗುವ ತಂತಿ. ಫ್ಯಾನು, ಮಿಕ್ಸಿ, ಪಂಪು ಕಾಯಿಲು ಸುತ್ತಿದ ಸಾಮಾನು. ಕಾಯಿಲಿನಲ್ಲಿ ಹರಿಯುವ ಕರೆಂಟು ಇಳಿಜಾರಿನಲ್ಲಿ ಬರುತ್ತಿರುವ ತುಂಬಿದ ಗಾಡಿಯ ಹಾಗೆ, ನಿಲ್ಲು ಅಂದರೆ ನಿಲ್ಲುವುದಿಲ್ಲ. ರಿಲೇಯ ಬಾಯಿ ಬಿಟ್ಟುಕೊಂಡರೂ ಅದು ಮುಂದೆ ಹೋಗಲು ನೋಡುತ್ತದೆ. ವೋಲ್ಟೇಜು ಏರುತ್ತದೆ. ಮನೆಯ 230 ವೋಲ್ಟಿನ ತುದಿಯೇ 325, ಇದು ಅದನ್ನೂ ದಾಟಿ ಸಾವಿರದ ಮೇಲೆ ಹೋಗಿ ಗಾಳಿಯನ್ನೇ ಸೀಳಿಕೊಂಡು ಕಿಡಿಯಾಗುತ್ತದೆ. ಆ ಕಿಡಿ ಒಂದೇ ಸಲ ಹಾರಿ ಮುಗಿಯುವುದಿಲ್ಲ. ಸಂಪರ್ಕ ದೂರ ಸರಿಯುವಷ್ಟರಲ್ಲಿ ಹತ್ತಾರು ಸಲ ಹತ್ತಿ ಆರುತ್ತದೆ. ಪ್ರತಿ ಸಲವೂ ಪಕ್ಕದ ವೈರುಗಳಿಗೆಲ್ಲ ಒಂದು ಏಟು. ಇದನ್ನೆಲ್ಲ ಡಿಪ್ಲೊಮಾದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ತಗೊಂಡವನೇ ನಾನು.

ಏಟು ಎಲ್ಲಿಗೆ ಬೀಳುತ್ತಿದೆ? ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪು ನನ್ನ ಹತ್ತಿರ ಇಲ್ಲ. ಇದ್ದರೂ ಅದರ ಅರ್ಥ್ ಕ್ಲಿಪ್ಪನ್ನು ಮನೆಯ ಮೇನ್ಸಿಗೆ ತಾಗಿಸುವ ಧೈರ್ಯ ನನಗಿಲ್ಲ. ಆದರೆ ಚಿಪ್ಪನ್ನೇ ಕೇಳಬಹುದು. ಎಟಿಮೆಗಾದಲ್ಲಿ ಎಂಸಿಯುಎಸ್‌ಆರ್ ಎಂಬ ಪುಟ್ಟ ರಿಜಿಸ್ಟರ್ ಇದೆ. ರೀಸೆಟ್ ಆದದ್ದು ಪವರ್ ಹೋಗಿ ಬಂದದ್ದರಿಂದಲೋ, ರೀಸೆಟ್ ಪಿನ್ ಎಳೆದದ್ದರಿಂದಲೋ, ವೋಲ್ಟೇಜು ಕುಸಿದದ್ದರಿಂದಲೋ, ವಾಚ್‌ಡಾಗ್‌ನಿಂದಲೋ, ಅದರ ನಾಲ್ಕು ಬಿಟ್‌ಗಳು ಹೇಳುತ್ತವೆ. ಬೂಟ್‌ಲೋಡರ್ (ಪ್ರೋಗ್ರಾಮು ತುಂಬಿಸಿಕೊಳ್ಳಲು ಚಿಪ್ಪಿನಲ್ಲೇ ಇರುವ ಪುಟ್ಟ ಪ್ರೋಗ್ರಾಮು) ಇದ್ದರೆ ಅದು ನಮ್ಮ ಪ್ರೋಗ್ರಾಮಿಗಿಂತ ಮೊದಲೇ ಈ ಗುರುತನ್ನು ಅಳಿಸಿಬಿಡಬಹುದು. ನನ್ನದು ಬರೀ ಚಿಪ್ಪು, ಒಂದು ಆರ್ಡುಯಿನೊ ಬೋರ್ಡ್ ಇಟ್ಟುಕೊಂಡು ಐಎಸ್‌ಪಿ ಮೂಲಕ, ಅಂದರೆ ಚಿಪ್ಪಿನ ಪಿನ್ನುಗಳಿಗೇ ನೇರ ವೈರು ಹಾಕಿ, ಪ್ರೋಗ್ರಾಮ್ ತುಂಬಿದ್ದು. ಹಾಗಾಗಿ ಆ ತಾಪತ್ರಯ ಇರಲಿಲ್ಲ. ಬ್ರೌನ್‌ಔಟ್ ಫ್ಯೂಸನ್ನು, ಅಂದರೆ ವೋಲ್ಟೇಜು ಎಷ್ಟಕ್ಕೆ ಕುಸಿದರೆ ರೀಸೆಟ್ ಆಗಬೇಕು ಎಂಬ ಚಿಪ್ಪಿನ ಸೆಟ್ಟಿಂಗನ್ನು, 4.3 ವೋಲ್ಟಿಗೆ ಇಟ್ಟೆ. ಪ್ರೋಗ್ರಾಮು ಶುರುವಾದ ಕೂಡಲೇ ಆ ರಿಜಿಸ್ಟರ್ ಓದಿ, ಕಾರಣವನ್ನು ಒಂದು ಅಕ್ಷರ ಮಾಡಿ, ಎಷ್ಟನೇ ರೀಸೆಟ್ ಎಂಬ ಎಣಿಕೆಯ ಜೊತೆ, ಕರೆಂಟು ಹೋದರೂ ಅಳಿಯದ ಇಇಪ್ರಾಮ್‌ನಲ್ಲಿ ಬರೆಯುವ ಹತ್ತು ಸಾಲು ಸೇರಿಸಿದೆ. ಪಿ ಅಂದರೆ ಪವರ್, ಬಿ ಅಂದರೆ ಬ್ರೌನ್‌ಔಟ್, ಡಬ್ಲ್ಯೂ ಅಂದರೆ ವಾಚ್‌ಡಾಗ್, ಇ ಅಂದರೆ ಹೊರಗಿನಿಂದ. ಇಡೀ ಪ್ರಾಜೆಕ್ಟಿನಲ್ಲಿ ನಾನು ಬರೆದ ಉಪಯೋಗದ ಕೋಡು ಅಂದರೆ ಇದೇ.

ಮೂರು ದಿನ ಬಿಟ್ಟು ಓದಿದೆ. ಇ, ಇ, ಇ, ಡಬ್ಲ್ಯೂ, ಇ, ಇ. ಬಿ ಒಂದೂ ಇಲ್ಲ. ಅಂದರೆ ವೋಲ್ಟೇಜು ಕುಸಿಯದಿರಲಿ ಎಂದು ನಾನು 5 ವೋಲ್ಟಿನ ಲೈನಿಗೆ ಸುರಿದಿದ್ದ ಸಾವಿರ ಮೈಕ್ರೋಫ್ಯಾರಡಿನ ಕೆಪಾಸಿಟರುಗಳೆಲ್ಲ ದಂಡ. ಯಾರೋ ರೀಸೆಟ್ ಪಿನ್ನನ್ನು ಎಳೆಯುತ್ತಿದ್ದಾರೆ.

ಡಬ್ಬಿ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಮುಚ್ಚಳದ ಮೇಲೆ ಶೋಕಿಗೆ ಒಂದು ರೀಸೆಟ್ ಬಟನ್ ಇಟ್ಟಿದ್ದೆ. ಅದರಿಂದ ಚಿಪ್ಪಿನ ಒಂದನೇ ಪಿನ್ನಿಗೆ ಒಂದು ಗೇಣು ಉದ್ದದ ಹಳದಿ ವೈರು. ನೋಡಲು ಚೆನ್ನಾಗಿರಲಿ ಎಂದು ಅದನ್ನು ಪಂಪಿನ ದಪ್ಪ ಕೆಂಪು ವೈರಿನ ಜೊತೆ ಸೇರಿಸಿ ಕೇಬಲ್ ಟೈ ಹಾಕಿ ಬಿಗಿದಿದ್ದೆ. ಒಂದಲ್ಲ, ಮೂರು ಟೈ. ಅದರ ಮೇಲೆ, ರೀಸೆಟ್ ಪಿನ್ನನ್ನು 5 ವೋಲ್ಟಿನಲ್ಲಿ ಹಿಡಿದಿಡಲು ಹಾಕಬೇಕಾದ 10 ಕಿಲೋ ಓಮಿನ ರೆಸಿಸ್ಟರನ್ನೂ ಹಾಕಿರಲಿಲ್ಲ. ಚಿಪ್ಪಿನ ಒಳಗೇ ಒಂದು ಇದೆಯಲ್ಲ ಅಂದುಕೊಂಡಿದ್ದೆ. ಇದೆ, ಆದರೆ ಅದು 30ರಿಂದ 60 ಕಿಲೋ ಓಮಿನ ದುರ್ಬಲ ಹಿಡಿತ. ಈ ಚಿಪ್ಪು ರೀಸೆಟ್ ಆಗಲು ಆ ಪಿನ್ನು 2.5 ಮೈಕ್ರೋಸೆಕೆಂಡು ಕೆಳಗಿಳಿದರೆ ಸಾಕು. ನಾನು ಮಾಡಿದ್ದು ಒಂದು ಆಂಟೆನಾ. ಅಚ್ಚುಕಟ್ಟಾಗಿ ಟೈ ಹಾಕಿದ ಆಂಟೆನಾ.

ಬಟನ್ ಕಿತ್ತೆಸೆದೆ. 10 ಕಿಲೋ ಓಮ್ ಒಂದು, ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಒಂದು, ಎರಡನ್ನೂ ಪಿನ್ನಿನ ಬುಡದಲ್ಲೇ ಬೆಸುಗೆ ಹಾಕಿದೆ. ರೀಸೆಟ್ ನಿಂತಿತು.

ಪರದೆ ಕೆಡುವುದು ಮಾತ್ರ ನಿಲ್ಲಲಿಲ್ಲ. ಬೋರ್ಡಿನ ಮೇಲಿನ ಪುಟ್ಟ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿಣುಕುತ್ತಲೇ ಇತ್ತು, ಅಂದರೆ ಚಿಪ್ಪು ಬದುಕಿದೆ, ಕೆಲಸ ಮಾಡುತ್ತಿದೆ. ಪರದೆಗೆ ಮಾತ್ರ ಬುದ್ಧಿ ಕೆಟ್ಟಿದೆ. ನಾಲ್ಕು ವೈರಿನಲ್ಲಿ ಎಲ್‌ಸಿಡಿ ಓಡಿಸುವಾಗ ಪ್ರತಿ ಅಕ್ಷರವನ್ನೂ ಎರಡು ತುಂಡು ಮಾಡಿ ಕಳಿಸುತ್ತೇವೆ. ಮಧ್ಯೆ ಕಿಡಿಯ ಗದ್ದಲದಿಂದ ಒಂದು ಸುಳ್ಳು ತುಂಡು ನುಸುಳಿದರೆ, ಅಂಗಿಯ ಗುಂಡಿ ಒಂದು ತೂತು ತಪ್ಪಿ ಹಾಕಿದ ಹಾಗೆ, ಮುಂದಿನದೆಲ್ಲ ಜೋಡಿ ತಪ್ಪುತ್ತದೆ. ಹೊಡೆತ ಬೀಳುವ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬೀಳುತ್ತದೆ. ಕಿಡಿಯನ್ನೇ ಅಡಗಿಸಬೇಕು.

ಕಿಡಿ ಎಷ್ಟಿದೆ ಎಂದು ತಿಳಿಯಲು ಅಪ್ಪನ ಹಳೇ ಟ್ರಾನ್ಸಿಸ್ಟರ್ ರೇಡಿಯೊ ಉಪಯೋಗಕ್ಕೆ ಬಂತು. ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿ ಬಿಟ್ಟು, ಸ್ವಲ್ಪ ಪಕ್ಕಕ್ಕೆ ಸರಿದರೆ ಬರೀ ಸುಯ್ಯ್ ಅನ್ನುವ ಸದ್ದು. ರೇಡಿಯೊವನ್ನು ಡಬ್ಬಿಯಿಂದ ಒಂದು ಮೊಳ ದೂರ ಇಟ್ಟೆ. ಬಲ್ಬು ಆಫ್ ಮಾಡಿದರೆ ಸಣ್ಣ ಟಿಕ್. ಪಂಪ್ ಆಫ್ ಮಾಡಿದರೆ ಕಾಗದ ಹರಿದ ಹಾಗೆ ಟರ್‌ರ್. ಇದಕ್ಕಿಂತ ಅಗ್ಗದ ಅಳತೆಗೋಲು ನನಗೆ ಗೊತ್ತಿಲ್ಲ. ಮುಂದಿನ ಪ್ರತಿ ರಿಪೇರಿಯನ್ನೂ ಇದರ ಮುಂದೆಯೇ ಪರೀಕ್ಷೆ ಮಾಡಿದೆ.

ಮದ್ದು ಗೊತ್ತಿದ್ದದ್ದೇ. ರಿಲೇಯ ಸಂಪರ್ಕಕ್ಕೆ ಅಡ್ಡವಾಗಿ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸರಣಿಯಲ್ಲಿ. ಸ್ನಬ್ಬರ್ ಅಂತಾರೆ. 100 ಓಮ್, 0.1 ಮೈಕ್ರೋಫ್ಯಾರಡ್. ಡ್ರಾಯರಿನಲ್ಲಿ 104 ಎಂದು ಬರೆದಿದ್ದ ಸೆರಾಮಿಕ್ ಕೆಪಾಸಿಟರ್ ಬೇಕಾದಷ್ಟಿತ್ತು. 104 ಅಂದರೆ 0.1, ಲೆಕ್ಕ ಸರಿ. ಎಷ್ಟು ವೋಲ್ಟಿನದ್ದು ಅಂತ ನೋಡಿದೆನಾ? ಇಲ್ಲ. ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ದೀಪಾವಳಿಯ ಲಕ್ಷ್ಮೀ ಪಟಾಕಿಯ ಸದ್ದು. ಕಂದು ಬಿಲ್ಲೆಯ ಅರ್ಧ ಗೋಡೆಗೆ ಹೋಗಿ ತಾಗಿತು, ಇನ್ನರ್ಧ ಸಿಗಲೇ ಇಲ್ಲ. ಅದು 50 ವೋಲ್ಟಿನದ್ದು. ಡಬ್ಬಿಯ ಮುಚ್ಚಳ ಹಾಕಿದ್ದೆ, ಕಣ್ಣು ಉಳಿಯಿತು.

ಬೇಕಾದದ್ದು ಎಕ್ಸ್2 ಎಂದು ಬರೆದಿರುವ, 275 ವೋಲ್ಟ್ ಎಸಿಯ ಚೌಕದ ಕೆಪಾಸಿಟರು. ಮೇನ್ಸಿಗೆ ಅಡ್ಡಲಾಗಿ ಕೂರಲೆಂದೇ ಮಾಡಿದ ಜಾತಿ. ಕೆಟ್ಟರೂ ಬೆಂಕಿ ಹತ್ತದ ಹಾಗೆ ಕಟ್ಟಿರುತ್ತಾರೆ. ರೆಸಿಸ್ಟರು ಕಾಲು ವ್ಯಾಟಿನ ಪುಟಾಣಿ ಬೇಡ. ಸ್ವಿಚ್ ಮುಚ್ಚುವ ಕ್ಷಣದಲ್ಲಿ ತುದಿಯ 325 ವೋಲ್ಟು ಕೆಪಾಸಿಟರಿನಲ್ಲಿದ್ದರೆ 100 ಓಮಿನ ಮೂಲಕ 3 ಆಂಪಿಯರಿಗೂ ಮೇಲೆ ಒಂದು ಚಿಟಿಕೆ ಹೊತ್ತು ಹರಿಯುತ್ತದೆ. 2 ವ್ಯಾಟಿನದ್ದು ಹಾಕಿದೆ. ಮತ್ತೊಂದು ಮಾತು. ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರು ಚಾರ್ಜ್ ಹಿಡಿದುಕೊಂಡಿರಬಹುದು. ಬೆರಳಿಗೆ ಒಂದು ಚುರುಕು ಸಿಕ್ಕ ಮೇಲೆ ನಾನು ಅದಕ್ಕೆ ಅಡ್ಡವಾಗಿ 470 ಕಿಲೋ ಓಮಿನ ಎರಡು ರೆಸಿಸ್ಟರನ್ನು ಸರಣಿಯಲ್ಲಿ ಹಾಕಿದೆ.

ರೇಡಿಯೊದ ಟರ್‌ರ್ ಹೋಗಿ ಟಕ್ ಆಯಿತು. ಎರಡನೇ ರಿಲೇಗೂ ಅಂಥದ್ದೇ ಒಂದು ಹಾಕಿ, ಡಬ್ಬಿ ಮುಚ್ಚಿ, ನೆಮ್ಮದಿಯಾಗಿ ಮಲಗಿದೆ.

ರಾತ್ರಿ ಹನ್ನೊಂದಕ್ಕೆ ಅಮ್ಮ ಎಬ್ಬಿಸಿದಳು. “ಗೇಟ್ ಲೈಟು ಆಫ್ ಆದ್ಮೇಲೂ ಕಣ್ಣು ಮಿಟುಕಿಸ್ತಿದೆ ಕಣೋ. ಯಾರೋ ಟಾರ್ಚ್ ಬಿಟ್ಟ ಹಾಗೆ.” ಹೋಗಿ ನೋಡಿದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡು ಸೆಕೆಂಡಿಗೊಮ್ಮೆ ಮಿಣುಕ್ ಅನ್ನುತ್ತಿತ್ತು. ರಿಲೇ ಬಾಯಿ ತೆರೆದಿದ್ದರೂ ಸ್ನಬ್ಬರಿನ ಮೂಲಕ ಕರೆಂಟು ಸೋರುತ್ತಿದೆ. 50 ಹರ್ಟ್ಸಿನಲ್ಲಿ 0.1 ಮೈಕ್ರೋಫ್ಯಾರಡ್ ಅಂದರೆ ಸುಮಾರು 32 ಕಿಲೋ ಓಮ್. 230 ವೋಲ್ಟಿಗೆ 7 ಮಿಲಿ ಆಂಪಿಯರ್. ಹಳೇ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಲ್‌ಇಡಿ ಬಲ್ಬಿನ ಒಳಗಿನ ಕೆಪಾಸಿಟರು ಹನಿಹನಿಯಾಗಿ ತುಂಬಿಕೊಂಡು, ಸಾಕಷ್ಟಾದಾಗ ಒಮ್ಮೆ ಹೊಳೆದು, ಮತ್ತೆ ಖಾಲಿ. ಬೇಡದ ಕಡೆ ಮದ್ದು ಹಾಕಿದ್ದೆ. ಆ ಸ್ನಬ್ಬರನ್ನು ಕತ್ತರಿಸಿ ತೆಗೆದೆ, ಮಿಣುಕು ನಿಂತಿತು.

ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನಾನು ಆಫೀಸಿನಲ್ಲಿದ್ದಾಗ ಫೋನು. ಟ್ಯಾಂಕ್ ತುಂಬಿ ಹರಿಯುತ್ತಿದೆ, ಪರದೆಯಲ್ಲಿ ‘ಪಂಪ್ ಆಫ್’ ಎಂದಿದೆ, ಪಂಪ್ ಮಾತ್ರ ಓಡುತ್ತಿದೆ. ಪಕ್ಕದ ಮನೆಯಲ್ಲಿ ಅವತ್ತೂ ಕೊಬ್ಬರಿ ಒಣಹಾಕಿದ್ದರು. “ಮೇನ್ ಸ್ವಿಚ್ ಆಫ್ ಮಾಡಮ್ಮ, ಬೇರೇನೂ ಮುಟ್ಟಬೇಡ” ಅಂದೆ. ಸಂಜೆ ಬಂದು, ಪ್ಲಗ್ ಕಿತ್ತು, ಸ್ಕ್ರೂಡ್ರೈವರಿನ ಹಿಡಿಯಿಂದ ನೀಲಿ ರಿಲೇಯ ತಲೆಗೆ ಒಂದು ಕುಟ್ಟಿದೆ. ಟಿಕ್ ಎಂದು ಬಿಟ್ಟುಕೊಂಡಿತು. ಬ್ಲೇಡಿನಿಂದ ಮೇಲಿನ ಕವರ್ ಕೊಯ್ದು ನೋಡಿದರೆ, ಬೆಳ್ಳಿಯ ಬಣ್ಣದ ಎರಡು ಗುಂಡಿಗಳು ಕಪ್ಪಾಗಿ, ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಮೊಡವೆಯಂಥ ಉಬ್ಬು. ಎರಡೂ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದ್ದವು.

ಅದನ್ನು ಜೇಬಿಗೆ ಹಾಕಿಕೊಂಡು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. ನಲವತ್ತು ವರ್ಷದಿಂದ ಸುಟ್ಟ ಮೋಟಾರುಗಳನ್ನೇ ನೋಡುತ್ತ ಬಂದ ಯಜಮಾನರು. ವಾರ್ನಿಷಿನ ವಾಸನೆಯ ನಡುವೆ ಕೂತು ಸ್ಲಾಟಿಗೆ ಕಾಗದ ತುರುಕುತ್ತಿದ್ದರು. ರಿಲೇಯನ್ನು ಅಂಗೈ ಮೇಲೆ ಇಟ್ಟುಕೊಂಡು ನಕ್ಕರು.

“ಇಷ್ಟುದ್ದದ ಡಬ್ಬೀಲಿ ಒಂದು ಎಚ್‌ಪಿ ಓಡಿಸ್ತಿದ್ರಾ ಸಾರ್?”

“10 ಆಂಪಿಯರ್ ಅಂತ ಬರೆದಿದೆಯಲ್ಲ ಯಜಮಾನ್ರೆ. ಪಂಪ್ ಎಳೆಯೋದು ಆರೂ ಇಲ್ಲ.”

“ಓಡೋವಾಗ ಆರು. ಏಳೋವಾಗ ಎಷ್ಟು? ಬಲ್ಬ್ ಹತ್ತಿಸೋದು ಬೇರೆ, ಮೋಟಾರ್ ಎಬ್ಬಿಸೋದು ಬೇರೆ.”

ಸರಿಯೇ. ನಿಂತ ಮೋಟಾರು ಏಳುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ರಿಲೇ ಮೇಲೆ ಬರೆದ 10 ಆಂಪಿಯರ್ ಇಸ್ತ್ರಿ ಪೆಟ್ಟಿಗೆಯಂಥ ಲೋಡಿಗೆ. ಸ್ನಬ್ಬರು ಬಿಡುವಾಗಿನ ಕಿಡಿಯನ್ನು ಅಡಗಿಸುತ್ತದೆಯೇ ಹೊರತು ಹಿಡಿಯುವಾಗಿನ ಈ ಏಟಿಗೆ ಅದು ಏನೂ ಮಾಡುವುದಿಲ್ಲ. “ಒಂದು ಕಾಂಟ್ಯಾಕ್ಟರ್ ಹಾಕ್ಕೊಳ್ಳಿ. ನಿಮ್ಮ ಡಬ್ಬಿ ಅದರ ಕಾಯಿಲ್ ಮಾತ್ರ ಎಳೀಲಿ” ಅಂದರು ಯಜಮಾನರು. ಕಾಂಟ್ಯಾಕ್ಟರ್ ಅಂದರೆ ಮೋಟಾರಿನಂಥ ಲೋಡಿಗೆಂದೇ ಮಾಡಿದ ದೊಡ್ಡ ರಿಲೇ.

ನಾನು ತಕ್ಷಣ ಕೇಳಲಿಲ್ಲ. ಕಾಂಟ್ಯಾಕ್ಟರ್ ಅಂದರೆ ಹಳೇ ಕಾಲದ್ದು ಎಂಬ ಒಂದು ತಾತ್ಸಾರ. ಕಿಡಿಯೇ ಇಲ್ಲದ ಟ್ರಯಾಕ್, ಅಂದರೆ ಬಾಯಿ ತೆರೆದು ಮುಚ್ಚುವ ಸಂಪರ್ಕವೇ ಇಲ್ಲದ ಸೆಮಿಕಂಡಕ್ಟರ್ ಸ್ವಿಚ್ಚು, ಇರುವಾಗ ಅದೇಕೆ? ಎಂಒಸಿ 3041 ಎಂಬ ಆಪ್ಟೋ (ಎರಡು ಸರ್ಕ್ಯೂಟನ್ನು ಬೇರೆ ಇಟ್ಟು, ಬೆಳಕಿನ ಮೂಲಕ ಸಂಜ್ಞೆ ದಾಟಿಸುವ ಆಪ್ಟೋಕಪ್ಲರ್), ಅದರ ಮುಂದೆ ಬಿಟಿ 136 ಟ್ರಯಾಕ್, ಲೋಡಿಗೆ ಟೇಬಲ್ ಫ್ಯಾನು ಇಟ್ಟು ಮಾಡಿ ನೋಡಿದೆ. ಫ್ಯಾನು ಸುತ್ತಿತು, ಆದರೆ ಗುಂಯ್ ಎಂದು ಒಂಥರಾ ನರಳುತ್ತ, ಆಗಾಗ ತೂಕಡಿಸುತ್ತ. ಆಪ್ಟೋದ ಒಳಗಿನ ಎಲ್‌ಇಡಿಗೆ 330 ಓಮ್ ಹಾಕಿದ್ದೆ. 5 ವೋಲ್ಟಿನಲ್ಲಿ ಅದಕ್ಕೆ ಸಿಗುವುದು 11 ಮಿಲಿ ಆಂಪಿಯರ್. 3041ಕ್ಕೆ ಬೇಕಾದದ್ದು 15. ಅರೆಹೊಟ್ಟೆಯಲ್ಲಿ ಅದು ಕೆಲವು ಅರ್ಧ ಸೈಕಲ್‌ಗಳನ್ನು ಹಿಡಿಯುತ್ತಿತ್ತು, ಕೆಲವನ್ನು ಬಿಡುತ್ತಿತ್ತು. 220 ಓಮ್ ಹಾಕಿದ ಮೇಲೆ ನರಳಾಟ ನಿಂತಿತು. 5 ಮಿಲಿ ಆಂಪಿಯರಿಗೇ ಏಳುವ 3043 ತಂದಿದ್ದರೂ ಆಗುತ್ತಿತ್ತು. ಆದರೆ ಫ್ಯಾನಿನ ಬದಲು ಪಂಪ್ ಇದ್ದಿದ್ದರೆ? ಅರ್ಧ ಸೈಕಲ್ ಮಾತ್ರ ಸಿಕ್ಕ ಮೋಟಾರು ಏಳದೆ ಬಿಸಿಯಾಗಿ, ಯಜಮಾನರ ಅಂಗಡಿಗೆ ಒಂದು ಗಿರಾಕಿಯಾಗುತ್ತಿತ್ತು. ಅದೂ ಅಲ್ಲದೆ ಟ್ರಯಾಕ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಫ್ ಆಗದ ಪಂಪು ನನಗೆ ಇನ್ನೊಮ್ಮೆ ಬೇಡ. ನೀರಿನ ಹತ್ತಿರದ ಮೋಟಾರಿಗೆ ನಡುವೆ ಗಾಳಿ ಇರುವ ಸ್ವಿಚ್ಚೇ ಇರಲಿ ಅನ್ನಿಸಿತು. ಎಂಟು ದಿನ ಬಿಟ್ಟು ಅದೇ ಅಂಗಡಿಯಿಂದ, ಮೋಟಾರಿನ ಲೆಕ್ಕದಲ್ಲಿ ಅಂದರೆ ಎಸಿ-3ರಲ್ಲಿ 9 ಆಂಪಿಯರಿನ ಕಾಂಟ್ಯಾಕ್ಟರ್ ತಂದೆ. ಯಜಮಾನರು ಏನೂ ಅನ್ನಲಿಲ್ಲ, ಬಿಲ್ ಬರೆಯುವಾಗ ಸ್ವಲ್ಪ ನಕ್ಕರು ಅಷ್ಟೆ.

ಹೊಸ ರಿಲೇ ಈಗ ಕಾಂಟ್ಯಾಕ್ಟರಿನ 230 ವೋಲ್ಟಿನ ಕಾಯಿಲನ್ನು ಮಾತ್ರ ಎಳೆಯಬೇಕು. ಕರೆಂಟು ಆರು ಆಂಪಿಯರಿನಿಂದ ಕೆಲವೇ ಹತ್ತು ಮಿಲಿ ಆಂಪಿಯರಿಗೆ ಇಳಿಯಿತು. ಇನ್ನು ಗದ್ದಲವೇ ಇರುವುದಿಲ್ಲ ಎಂದು ಹಳೇ ಸ್ನಬ್ಬರನ್ನೂ ತೆಗೆದುಹಾಕಿದೆ. ಪಂಪ್ ಹಾಕಿದೆ. ಧಡ್ ಎಂದು ಕಾಂಟ್ಯಾಕ್ಟರ್ ಕೂತಿತು. ಆಫ್ ಮಾಡಿದೆ.

ಪರದೆಯಲ್ಲಿ ಜಪಾನಿ ಲಿಪಿ.

ನಗು ಬಂತು ಅಂತ ಈಗ ಬರೆಯಬಹುದು. ಆಗ ಬರಲಿಲ್ಲ. ರೇಡಿಯೊ ಹಚ್ಚಿದರೆ ಟರ್‌ರ್ ಮೊದಲಿಗಿಂತ ಜೋರು. ಕರೆಂಟು ಚಿಕ್ಕದಾದರೇನು, ಕಾಂಟ್ಯಾಕ್ಟರಿನ ಕಾಯಿಲು ಅಂದರೆ ಕಬ್ಬಿಣದ ಸುತ್ತ ಸಾವಿರಾರು ಸುತ್ತಿನ ಸಣ್ಣ ತಂತಿ. ಇಂಡಕ್ಟನ್ಸು, ಅಂದರೆ ನಿಲ್ಲು ಅಂದರೂ ನಿಲ್ಲದ ಆ ಹಠ, ಪಂಪಿಗಿಂತ ಎಷ್ಟೋ ಜಾಸ್ತಿ. ಫ್ಯಾನಿನ ಅರ್ಧ ಆಂಪಿಯರ್ ಇಸ್ತ್ರಿ ಪೆಟ್ಟಿಗೆಯ ನಾಲ್ಕು ಆಂಪಿಯರಿಗಿಂತ ಹೆಚ್ಚು ಗಲಾಟೆ ಮಾಡಿದ್ದನ್ನು ನಾನೇ ಡೈರಿಯಲ್ಲಿ ಬರೆದುಕೊಂಡಿದ್ದೆ. ಆ ಪುಟ ತೆಗೆದು ಮತ್ತೆ ಓದಿದೆ. ಈ ಸಲ ಸ್ನಬ್ಬರನ್ನು ರಿಲೇಗೆ ಅಡ್ಡವಾಗಿ ಅಲ್ಲ, ಗದ್ದಲ ಹುಟ್ಟುವ ಕಡೆಯೇ, ಕಾಂಟ್ಯಾಕ್ಟರಿನ ಎ1, ಎ2 ಸ್ಕ್ರೂಗಳ ನಡುವೆ ಹಾಕಿದೆ. ಇಲ್ಲಿ ಹಾಕಿದರೆ ಸೋರಿಕೆಯ ತಂಟೆಯೂ ಇಲ್ಲ, ಏಕೆಂದರೆ ರಿಲೇ ತೆರೆದ ಮೇಲೆ ಅದಕ್ಕೂ ಕರೆಂಟು ಇಲ್ಲ. ರೇಡಿಯೊದಲ್ಲಿ ಬಲ್ಬಿನಷ್ಟೇ ಸಣ್ಣ ಟಿಕ್.

ಅಷ್ಟಾದರೂ ವಾರಕ್ಕೊಮ್ಮೆ ಏನಾದರೂ ಒಂದು. ಪಂಪ್ ನಿಂತ ಕೂಡಲೇ ಟ್ಯಾಂಕ್ ಖಾಲಿ ಎಂದು ಒಂದು ಕ್ಷಣ ತೋರಿಸಿ ಮತ್ತೆ ಫುಲ್ ಅನ್ನುವುದು. ಇದರ ಮೂಲ ತಾರಸಿಯಲ್ಲಿತ್ತು. ಮನೆ ಕಟ್ಟುವಾಗ ಹಾಕಿದ್ದ ಒಂದೇ ಒಂದು ಪೈಪು ಮೇಲೆ ಹೋಗುತ್ತಿತ್ತು, ಅದರಲ್ಲಿ ತಾರಸಿಯ ಲೈಟಿನ 230 ವೋಲ್ಟಿನ ವೈರಿತ್ತು. ಜಾಗ ಇದೆಯಲ್ಲ ಎಂದು ನನ್ನ ಸೆನ್ಸರ್ ವೈರನ್ನೂ ಅದರಲ್ಲೇ ತೂರಿಸಿದ್ದೆ. 15 ಮೀಟರ್ ಉದ್ದಕ್ಕೆ ಎರಡೂ ಮೈಗೆ ಮೈ ತಾಗಿಸಿಕೊಂಡು ಹೋಗಿದ್ದವು. ಗದ್ದಲದ ವಿಷಯ ಬಿಡಿ, ಮೇನ್ಸಿನ ಇನ್ಸುಲೇಶನ್ ಎಲ್ಲಾದರೂ ಸವೆದರೆ ಟ್ಯಾಂಕಿನ ನೀರಿಗೇ ಕರೆಂಟು. ಇದು ಹೊಳೆದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಾರನೇ ದಿನ ರಜೆ ಹಾಕಿ, ಹೊರಗೋಡೆಯ ಮೇಲೆ ಬೇರೆ ಪೈಪು ಕೂರಿಸಿ, ಅದರಲ್ಲಿ ಶೀಲ್ಡ್, ಅಂದರೆ ಗದ್ದಲ ತಡೆಯುವ ಲೋಹದ ಹೊದಿಕೆ, ಇರುವ ವೈರು ಎಳೆದೆ. ಕೆಳಗೆ ಬೋರ್ಡಿಗೆ ಬರುವ ಕಡೆ ಪ್ರತಿ ವೈರಿಗೂ 10 ಕಿಲೋ ಓಮ್, 0.1 ಮೈಕ್ರೋಫ್ಯಾರಡ್. ಕೋಡಿನಲ್ಲೂ, ಮೂರು ಸೆಕೆಂಡು ಬಿಡದೆ ಒಂದೇ ಉತ್ತರ ಬಂದರೆ ಮಾತ್ರ ನಂಬು ಎಂದು ಬರೆದೆ.

ಆ ಕೈಯಲ್ಲೇ ರಿಲೇ ಮಾಡ್ಯೂಲಿನ ಪುಟ್ಟ ಜಂಪರನ್ನೂ (ಎರಡು ಪಿನ್ನು ಜೋಡಿಸುವ ತುಣುಕು) ತೆಗೆದೆ. ಜೆಡಿ-ವಿಸಿಸಿ ಎಂದು ಬರೆದಿರುತ್ತದಲ್ಲ, ಅದು. ಆಪ್ಟೋಕಪ್ಲರ್ ಇದೆ ಎಂದು ಹೇಳಿಯೇ ಮಾಡ್ಯೂಲು ಮಾರುತ್ತಾರೆ. ಆದರೆ ಆ ಜಂಪರ್ ಇರುವವರೆಗೆ ಚಿಪ್ಪೂ ರಿಲೇ ಕಾಯಿಲೂ ಒಂದೇ 5 ವೋಲ್ಟಿನಲ್ಲಿ ಓಡುತ್ತವೆ, ಆಪ್ಟೋ ಇದ್ದೂ ಇಲ್ಲದ ಹಾಗೆ. ರಿಲೇಗೆ ಬೇರೆ ಸಪ್ಲೈ ಕೊಟ್ಟೆ. ಇದರಿಂದ ಎಷ್ಟು ಉಪಯೋಗ ಆಯಿತು ಅಂತ ಎದೆ ತಟ್ಟಿ ಹೇಳಲಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನನ್ನದೇ ನಿಯಮವನ್ನು ಅವತ್ತು ಮುರಿದಿದ್ದೆ.

ಇನ್ನೊಂದು ತಪ್ಪೊಪ್ಪಿಗೆ. ಐದು ನಿಮಿಷಕ್ಕೊಮ್ಮೆ ಎಲ್‌ಸಿಡಿಯನ್ನು ಹೊಸದಾಗಿ ಶುರು ಮಾಡುವ ಒಂದು ಸಾಲು ಕೋಡಿನಲ್ಲಿ ಈಗಲೂ ಇದೆ. ಪರದೆ ಕೆಟ್ಟರೂ ಅಮ್ಮ ನೋಡುವಷ್ಟರಲ್ಲಿ ಸರಿಯಾಗಿರಲಿ ಅಂತ. ಬೇರೆಯವರ ಕೋಡಿನಲ್ಲಿ ಇದ್ದಿದ್ದರೆ ನಾನೇ ಬೈಯುತ್ತಿದ್ದೆ.

ರೀಸೆಟ್ ಎಣಿಕೆ ಈಗ ಪರದೆಯ ಮೂಲೆಯಲ್ಲೇ ಕಾಣುತ್ತದೆ. ವೈರು ಬದಲಿಸಿದ ದಿನ ಅದು 43 ಇತ್ತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ನೋಡುವುದು ಅದನ್ನೇ. 43. ಹತ್ತು ದಿನ, 43. ಇಪ್ಪತ್ತೆರಡು ದಿನ, 43. ಇಪ್ಪತ್ಮೂರನೇ ದಿನ 44. ಎದೆ ಧಸಕ್ಕೆಂದಿತು. ಲೋಟ ಕೆಳಗಿಟ್ಟು, ಕಾರಣ ನೋಡಿದೆ. ಪಿ.

“ರಾತ್ರಿ ಕರೆಂಟ್ ಹೋಗಿತ್ತೇನಮ್ಮ?”

“ಹೂಂ, ಎರಡು ಗಂಟೆಗೆ ಹೋಗಿ ಬಂತಲ್ಲ. ನೀನು ಗೊರಕೆ ಹೊಡೀತಿದ್ದೆ.”